ಆನೆಯೇರಿ ಬಂದವರ ಹೆಸರು

ಇಥಿಲಿಯನ್ ಎಂಬ ಕಾಲ್ಪನಿಕ ನಾಡಿನ ಕಾಡಿನಲ್ಲಿ ಹೊಂಚುದಾಳಿ ನಡೆಯುತ್ತಿದೆ. ಪೊದೆಯ ಮರೆಯಲ್ಲಿ ಅಡಗಿ ಕುಳಿತ ಹಾಬಿಟ್ ಎಂಬ ಗಿಡ್ಡ ಜನರಲ್ಲೊಬ್ಬನಾದ ಸ್ಯಾಮ್‌ನ ಮುಂದೆಯೇ ಒಬ್ಬ ಸೈನಿಕ ದಿಣ್ಣೆಯಿಂದ ಉರುಳಿ ಬಂದು ಜರೀಗಿಡಗಳ ನಡುವೆ ಬೋರಲಾಗಿ ಬೀಳುತ್ತಾನೆ. ಮೈಮೇಲಿನ ಕಡುಗೆಂಪು ಬಟ್ಟೆ ಹರಿದಿದೆ. ಚಿನ್ನ ಸೇರಿಸಿ ಹೆಣೆದ ಕಪ್ಪು ಜಡೆ ರಕ್ತದಲ್ಲಿ ತೊಯ್ದಿದೆ. ಕೊರಳಿನ ಚಿನ್ನದ ಪಟ್ಟಿಯ ಕೆಳಗೆ ಹಸಿರು ಗರಿಯ ಬಾಣಗಳು ನಾಟಿವೆ. ಕಂದು ಬಣ್ಣದ ಕೈ ಮುರಿದ ಕತ್ತಿಯ ಹಿಡಿಯನ್ನು ಇನ್ನೂ ಬಿಟ್ಟಿಲ್ಲ. ಅವನ ಮುಖ ಕಾಣುತ್ತಿಲ್ಲ ಎನ್ನುವುದೇ ಸ್ಯಾಮ್‌ಗೆ ಸಮಾಧಾನ. ಇವನ ಹೆಸರೇನು, ಎಲ್ಲಿಂದ ಬಂದ, ನಿಜಕ್ಕೂ ಕೆಟ್ಟವನೇ, ಯಾರ ಸುಳ್ಳು, ಯಾರ ಬೆದರಿಕೆ ಇವನನ್ನು ಇಷ್ಟು ದೂರ ನಡೆಸಿಕೊಂಡು ಬಂತು, ಮನೆಯಲ್ಲೇ ನೆಮ್ಮದಿಯಾಗಿ ಇರಲು ಇವನಿಗೆ ಆಸೆಯಿರಲಿಲ್ಲವೇ ಎಂದೆಲ್ಲ ಅವನ ಮನಸ್ಸು ಕೇಳಿಕೊಳ್ಳುತ್ತದೆ.

ಉತ್ತರ ಸಿಗುವ ಮೊದಲೇ ಮರಗಳನ್ನು ಮುರಿಯುತ್ತ ಬೆಟ್ಟದಂಥ ಆನೆಯೊಂದು ನುಗ್ಗಿ ಬರುತ್ತದೆ. ಸ್ಯಾಮ್‌ನ ಬೆರಗೆಲ್ಲ ಆನೆಯ ಕಡೆ ತಿರುಗುತ್ತದೆ. ಸತ್ತವನ ಹೆಸರು ಕಾದಂಬರಿಯ ಕೊನೆಯ ಪುಟದವರೆಗೂ ಯಾರಿಗೂ ಗೊತ್ತಾಗುವುದಿಲ್ಲ.

ಜೆ.ಆರ್.ಆರ್. ಟೋಲ್ಕಿನ್ 1954ರಲ್ಲಿ ಪ್ರಕಟಿಸಿದ 'ದಿ ಟೂ ಟವರ್ಸ್' ಸಂಪುಟದ ಈ ಪುಟವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಮೊದಲ ಸಲ ಓದಿದಾಗ ನಾನೂ ಸ್ಯಾಮ್‌ನ ಪಕ್ಕದಲ್ಲೇ, ಉತ್ತರದವರ ಜೊತೆಯಲ್ಲೇ ಕುಳಿತಿದ್ದೆ. ಆನೆ ಬಂದದ್ದು ಶತ್ರುವಿನ ಕಡೆಯಿಂದ ಎನ್ನುವುದು ಹೊಳೆದದ್ದು ಎಷ್ಟೋ ವರ್ಷಗಳ ನಂತರ. ದಸರೆಯ ಆನೆ ನೋಡುತ್ತ ಬೆಳೆದವನು ನಾನು. ದಕ್ಷಿಣದಿಂದ, ಬಿಸಿಲಿನ ನಾಡಿನಿಂದ, ಕಂದು ಮೈಯ ಜನ ಆನೆಗಳನ್ನು ಹೊಡೆದುಕೊಂಡು ಬರುತ್ತಿದ್ದಾರೆ ಎಂದರೆ ಆ ಭೂಪಟದಲ್ಲಿ ನನ್ನ ಮನೆ ಎಲ್ಲಿದೆ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಕತ್ತಿ, ಕೋಟೆ, ಕುದುರೆ, ಮಂತ್ರವಾದಿಗಳಿರುವ ಮಧ್ಯಯುಗದ ಛಾಯೆಯ ಫ್ಯಾಂಟಸಿಯಲ್ಲಿ ಒಳಗಿನವರು ಬೆಳ್ಳಗೆ, ಹೊರಗಿನವರು ಕಪ್ಪಗೆ ಇರುವುದು ಎಷ್ಟು ರೂಢಿಯಾಗಿದೆ ಎಂದರೆ, ಅದನ್ನು ಮುರಿದಾಗ ಮಾತ್ರ ಅದು ರೂಢಿ ಎಂದು ಗೊತ್ತಾಗುತ್ತದೆ. 2022ರಲ್ಲಿ ಎರಡು ದೊಡ್ಡ ಧಾರಾವಾಹಿಗಳು ಬಂದವು. ಟೋಲ್ಕಿನ್ ಲೋಕದ 'ದಿ ರಿಂಗ್ಸ್ ಆಫ್ ಪವರ್'ನಲ್ಲಿ ಪೋರ್ಟೊ ರಿಕೊದ ನಟ ಇಸ್ಮಾಯೆಲ್ ಕ್ರೂಸ್ ಕಾರ್ಡೊವಾ ಎಲ್ಫ್ ಎಂಬ ಅಮರ ಜನಾಂಗದವನಾಗಿ, ಕಪ್ಪು ಬಣ್ಣದ ನಟಿ ಸೋಫಿಯಾ ನೊಮ್ವೆಟೆ ಕುಳ್ಳರ ರಾಜಕುಮಾರಿಯಾಗಿ ಕಾಣಿಸಿಕೊಂಡರು. 'ಹೌಸ್ ಆಫ್ ದಿ ಡ್ರ್ಯಾಗನ್'ನಲ್ಲಿ ಸ್ಟೀವ್ ಟೂಸಾಂಟ್ ಸಮುದ್ರದ ಒಡೆಯನಾದರು. ನಟರ ಮೇಲೆ ನಿಂದನೆಯ ಸುರಿಮಳೆಯಾಯಿತು. 'ರಿಂಗ್ಸ್ ಆಫ್ ಪವರ್' ತಂಡ ಸೆಪ್ಟೆಂಬರ್‌ನಲ್ಲಿ ಬಹಿರಂಗ ಹೇಳಿಕೆ ಕೊಟ್ಟು ತನ್ನ ನಟರ ಬೆನ್ನಿಗೆ ನಿಲ್ಲಬೇಕಾಯಿತು. ಹಾರುವ ಡ್ರ್ಯಾಗನ್‌ಗಳನ್ನು ಒಪ್ಪುವವರಿಗೆ ಶ್ರೀಮಂತ ಕಪ್ಪು ಮನುಷ್ಯನೊಬ್ಬನನ್ನು ಒಪ್ಪಲು ಆಗುತ್ತಿಲ್ಲ ಎಂಬ ಅರ್ಥದ ಮಾತನ್ನು ಟೂಸಾಂಟ್ ಆಡಿದರು.

ಆಕ್ಷೇಪಣೆಗಳಲ್ಲಿ ಎರಡು ಎಳೆಗಳಿದ್ದವು. ಮೂಲ ಲೇಖಕರು ಬರೆದದ್ದು ಹೀಗಲ್ಲ ಎನ್ನುವುದು ಒಂದು. ಅದನ್ನು ಪುಸ್ತಕ ಬಿಚ್ಚಿಟ್ಟುಕೊಂಡು ಚರ್ಚಿಸಬಹುದು. ಟೋಲ್ಕಿನ್ ತಮ್ಮ ಹಾಬಿಟ್‌ಗಳ ಒಂದು ಪಂಗಡದ ಮೈಬಣ್ಣ ಹೆಚ್ಚು ಕಂದು ಎಂದೇ ಬರೆದಿದ್ದಾರೆ, ಎಲ್ಲರೂ ಬೆಳ್ಳಗೇನೂ ಇಲ್ಲ. ಎರಡನೆಯದು ಹೆಚ್ಚು ಗಟ್ಟಿ ದನಿಯದು: ಮಧ್ಯಯುಗದ ಯುರೋಪು ಇದ್ದದ್ದೇ ಹಾಗೆ, ಅಲ್ಲಿ ಕಪ್ಪು ಜನರಿಗೆ ಜಾಗವಿರಲಿಲ್ಲ, ಆ ಕಾಲದ ಕಥೆಗಳಲ್ಲೂ ಇರಲಿಲ್ಲ. ಈ ಮಾತು ಸುಳ್ಳು. ಆ ಕಾಲದ ಕಥೆಗಾರರೇ ಅದಕ್ಕೆ ಸಾಕ್ಷಿ.

ಜರ್ಮನಿಯ ಮಾಗ್ಡೆಬುರ್ಗ್ ಕತೀಡ್ರಲಿನಲ್ಲಿ ಸುಮಾರು 1240–50ರಲ್ಲಿ ಕಡೆದ ಕಲ್ಲಿನ ಮೂರ್ತಿಯೊಂದಿದೆ. ಸಂತ ಮಾರಿಸ್, ಈಜಿಪ್ಟಿನಿಂದ ಬಂದ ರೋಮನ್ ಪಡೆಯ ದಳಪತಿ, ಧರ್ಮಕ್ಕಾಗಿ ಪ್ರಾಣ ಕೊಟ್ಟವನು. ತಲೆ, ಕತ್ತು, ಭುಜವನ್ನೆಲ್ಲ ಉಕ್ಕಿನ ಉಂಗುರಗಳ ಜಾಲರಿ ಕವಚ ಮುಚ್ಚಿದೆ. ತೆರೆದಿರುವುದು ಮುಖ ಮಾತ್ರ. ಆ ಮುಖ ಸ್ಪಷ್ಟವಾಗಿ ಆಫ್ರಿಕದವನದು, ಬಣ್ಣವೂ ಕಪ್ಪು. ಮೂರ್ತಿಯ ಕಾಲುಗಳು ಒಡೆದುಹೋಗಿವೆ, ಮುಖ ಉಳಿದಿದೆ. ಪವಿತ್ರ ರೋಮನ್ ಸಾಮ್ರಾಜ್ಯ ತನ್ನ ರಕ್ಷಕನೆಂದು ಪೂಜಿಸಿದ ವೀರ ಇವನು.

ಅದಕ್ಕೂ ಕೆಲವು ದಶಕ ಮೊದಲು, 13ನೆಯ ಶತಮಾನದ ಆರಂಭದಲ್ಲಿ, ವೋಲ್ಫ್ರಾಮ್ ಫಾನ್ ಎಶೆನ್‌ಬಾಖ್ ಎಂಬ ಜರ್ಮನ್ ಕವಿ 'ಪಾರ್ಜಿವಾಲ್' ಬರೆದ. ಯುರೋಪಿನ ಫ್ಯಾಂಟಸಿಯ ತಾಯಿಬೇರುಗಳಲ್ಲಿ ಒಂದಾದ ಕಾವ್ಯ ಅದು. ಅದರಲ್ಲಿ ಗಹ್ಮುರೆಟ್ ಎಂಬ ಆಂಜೂ ವಂಶದ ವೀರ ಬೆಲಕಾನೆ ಎಂಬ ಕಪ್ಪು ರಾಣಿಯನ್ನು ಮದುವೆಯಾಗಿ, ಆಕೆ ಬಸುರಿಯಾಗಿರುವಾಗ ಒಂದು ಪತ್ರ ಬರೆದಿಟ್ಟು ಕದ್ದು ಹೊರಟುಹೋಗುತ್ತಾನೆ. ಹುಟ್ಟಿದ ಮಗುವಿನ ಮೈಮೇಲೆ ಕಪ್ಪು ಬಿಳುಪು ಎರಡೂ ಮಚ್ಚೆಗಳು. ತಾಯಿ ಮಗುವಿನ ಬಿಳಿಯ ಜಾಗಗಳಿಗೆ ಮತ್ತೆ ಮತ್ತೆ ಮುತ್ತಿಡುತ್ತಾಳೆ, ಬಿಟ್ಟುಹೋದ ಗಂಡನ ಗುರುತು ಅದು. ಎಂಟು ನೂರು ವರ್ಷ ಕಳೆದರೂ ಆ ಸಾಲಿನ ನೋವು ಆರಿಲ್ಲ.

ಮಗು ಫೈರೆಫಿಟ್ಸ್ ಬೆಳೆದು ದೊಡ್ಡ ಸೇನೆಯೊಂದಿಗೆ ತಂದೆಯನ್ನು ಹುಡುಕಿಕೊಂಡು ಬರುತ್ತಾನೆ. ಕಾಡಿನಲ್ಲಿ ಅಪರಿಚಿತನೊಬ್ಬ ಎದುರಾಗುತ್ತಾನೆ. ಅವನೇ ಕಾವ್ಯನಾಯಕ ಪಾರ್ಜಿವಾಲ್, ಇನ್ನೊಬ್ಬ ತಾಯಿಯ ಮಗ. ಇಬ್ಬರೂ ಪರಸ್ಪರ ಯಾರೆಂದು ಅರಿಯದೆ ಕಾದುತ್ತಾರೆ. ಪಾರ್ಜಿವಾಲ್‌ನ ಕತ್ತಿ ಮುರಿಯುತ್ತದೆ. ಗೆಲುವು ಕೈಯಲ್ಲಿದ್ದರೂ ಫೈರೆಫಿಟ್ಸ್ ನಿರಾಯುಧನೊಡನೆ ಹೋರಾಡಲೊಲ್ಲದೆ ತನ್ನ ಕತ್ತಿಯನ್ನೂ ದೂರ ಎಸೆಯುತ್ತಾನೆ. ನಂತರ ಹೆಸರು ಹೇಳುತ್ತಾನೆ: ನಾನು ಆಂಜೂ ವಂಶದ ಫೈರೆಫಿಟ್ಸ್. ಆಂಜೂ ನನ್ನದಲ್ಲವೇ ಎಂದು ಪಾರ್ಜಿವಾಲ್ ಬೆರಗಾಗಿ, ನನಗೊಬ್ಬ ಅಣ್ಣನಿದ್ದಾನೆಂದು ಕೇಳಿದ್ದೇನೆ ಎನ್ನುತ್ತಾನೆ. ಅವನು ಹೇಗಿದ್ದಾನೆ ಹೇಳು ಎಂಬ ಫೈರೆಫಿಟ್ಸ್‌ನ ಪ್ರಶ್ನೆಗೆ ಪಾರ್ಜಿವಾಲ್‌ನ ಉತ್ತರ: ಬರೆದ ಚರ್ಮದ ಹಾಳೆಯ ಹಾಗೆ, ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಬಿಳುಪು. ಹಾಗಾದರೆ ನಾನೇ ಅವನು, ಎನ್ನುತ್ತಾನೆ ಫೈರೆಫಿಟ್ಸ್. ಮೈಬಣ್ಣವನ್ನು ಬರವಣಿಗೆಗೆ ಹೋಲಿಸಿದ ಆ ಕವಿಯ ಕಣ್ಣು ಎಂಥದು!

ಅದೇ ಶತಮಾನದಲ್ಲಿ ಫ್ಲ್ಯಾಂಡರ್ಸ್ ಕಡೆಯ ಡಚ್ ಭಾಷೆಯಲ್ಲಿ 'ಮೊರಿಯನ್' ಎಂಬ ಆರ್ಥರ್ ರಾಜನ ಕಥಾವಲಯದ ಕಾವ್ಯ ಹುಟ್ಟಿತು. ಅದರ ನಾಯಕ ಹಲ್ಲುಗಳನ್ನು ಬಿಟ್ಟರೆ ಅಡಿಯಿಂದ ಮುಡಿಯವರೆಗೆ ಕಪ್ಪು. ತಾಯಿಯನ್ನು ಬಿಟ್ಟುಹೋದ ತಂದೆಯನ್ನು ಹುಡುಕಿಕೊಂಡು ಇವನೂ ಹೊರಟಿದ್ದಾನೆ. ಕಡಲು ದಾಟಬೇಕಾದ ಜಾಗದಲ್ಲಿ ಇವನ ರೂಪ ಕಂಡು ನರಕದಿಂದ ಬಂದವನೆಂದು ಹೆದರಿ ಅಂಬಿಗರು ಓಡಿಹೋಗುತ್ತಾರೆ. ಕವಿ ನಿಲ್ಲುವುದು ಅಂಬಿಗರ ಪಕ್ಷದಲ್ಲಲ್ಲ, ಮೊರಿಯನ್‌ನ ಪಕ್ಷದಲ್ಲಿ. ಮಗ ಕೊನೆಗೆ ತಂದೆಯನ್ನು ಕರೆತಂದು ತಾಯಿಯ ಮದುವೆ ಮಾಡಿಸುತ್ತಾನೆ, ಆಕೆ ಕಳೆದುಕೊಂಡಿದ್ದ ನೆಲವನ್ನೂ ಮರಳಿ ಕೊಡಿಸುತ್ತಾನೆ.

ಹಾಗೆಂದು ಮಧ್ಯಯುಗವನ್ನು ಸಮಾನತೆಯ ಸುವರ್ಣಯುಗ ಎಂದು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಫೈರೆಫಿಟ್ಸ್‌ಗೆ ಗ್ರೇಲ್ ಎಂಬ ಪವಿತ್ರ ಶಿಲೆ ಕಣ್ಣಿಗೆ ಕಾಣುವುದು ಕ್ರೈಸ್ತನಾಗಿ ದೀಕ್ಷೆ ಪಡೆದ ಮೇಲೆಯೇ. ಸುಮಾರು 1330ರ ಹಸ್ತಪ್ರತಿಯೊಂದರಲ್ಲಿ ಉಳಿದಿರುವ 'ದಿ ಕಿಂಗ್ ಆಫ್ ಟಾರ್ಸ್' ಎಂಬ ಇಂಗ್ಲಿಷ್ ಕಥನಕಾವ್ಯದಲ್ಲಿ ಕಪ್ಪು ಸುಲ್ತಾನ ದೀಕ್ಷೆಯ ನೀರು ಬಿದ್ದೊಡನೆ ಬೆಳ್ಳಗಾಗುತ್ತಾನೆ. ಯಹೂದಿಗಳು ಮತ್ತು ಮುಸ್ಲಿಮರು ಉಡುಪಿನಲ್ಲೇ ಬೇರೆಯಾಗಿ ಕಾಣಬೇಕೆಂದು 1215ರ ಲ್ಯಾಟರನ್ ಧರ್ಮಸಭೆ ಕಟ್ಟಳೆ ಹಾಕಿತು. 1290ರಲ್ಲಿ ಇಂಗ್ಲೆಂಡ್ ತನ್ನ ಯಹೂದಿಗಳನ್ನು ಹೊರಗಟ್ಟಿತು. ಜನಾಂಗದ ಕಲ್ಪನೆ ಆಗಲೇ ಮೊಳೆತಿತ್ತು ಎಂದು ವಿದ್ವಾಂಸೆ ಜೆರಾಲ್ಡೀನ್ ಹೆಂಗ್ 2018ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ, ಆ ವಾದವನ್ನು ನಾನು ಒಪ್ಪುತ್ತೇನೆ. ಆದರೂ ಆ ಕಾಲದ ಕಥೆಯಲ್ಲಿ ಹೊರಗಿನವನಿಗೆ ಹೆಸರಿತ್ತು, ತಂದೆಯಿದ್ದ, ಅತ್ತು ಕಾಯುವ ತಾಯಿಯಿದ್ದಳು. ಅವು ಕಳೆದುಹೋದದ್ದು ಎಲ್ಲಿ?

ಬಹುಮಟ್ಟಿಗೆ 19ನೆಯ ಶತಮಾನದಲ್ಲಿ. ಕಾರ್ಖಾನೆಯ ಹೊಗೆಯಿಂದ ಬೇಸತ್ತ ಇಂಗ್ಲೆಂಡು ತನಗೊಂದು ಹಸಿರು ಭೂತಕಾಲವನ್ನು ಕಟ್ಟಿಕೊಂಡಿತು. ವಾಲ್ಟರ್ ಸ್ಕಾಟ್ ಅವರ 'ಐವನ್‌ಹೋ' 1819ರ ಕೊನೆಯಲ್ಲಿ ಬಂತು. ಇಂಗ್ಲೆಂಡಿನಲ್ಲಿ ಮೊದಲೇ ಇದ್ದ ಸ್ಯಾಕ್ಸನ್ ಮತ್ತು ಅದನ್ನು ಗೆದ್ದು ಬಂದ ನಾರ್ಮನ್ ಎಂಬ ಎರಡು ರಕ್ತಗಳ ಜಗಳವಾಗಿ ಇತಿಹಾಸವನ್ನು ಓದುವುದನ್ನು ಅದು ಒಂದಿಡೀ ಪೀಳಿಗೆಗೆ ಕಲಿಸಿತು. ಕಾದಂಬರಿಯ ಅತ್ಯಂತ ಘನವಾದ ಪಾತ್ರ ಯಹೂದಿ ಹೆಣ್ಣು ರೆಬೆಕ್ಕಾ. ಕೊನೆಗೆ ದೇಶ ಬಿಟ್ಟು ಹೋಗುವವಳೂ ಅವಳೇ. ಶತಮಾನದ ಕೊನೆಗೆ ವಿಲಿಯಂ ಮಾರಿಸ್ ಇಂಥ ಭೂತಕಾಲವನ್ನೇ ಪೂರ್ತಿ ಕಾಲ್ಪನಿಕ ಲೋಕವಾಗಿ ಬಿಡಿಸಿದರು, ಆಧುನಿಕ ಫ್ಯಾಂಟಸಿಯ ಅಚ್ಚು ತಯಾರಾಯಿತು.

ಇದೇ ಹೊತ್ತಿಗೆ ನಮ್ಮ ಕಡೆಯ ಒಂದು ಪದವೂ ಈ ಕಥೆಯೊಳಗೆ ಸಿಕ್ಕಿಹಾಕಿಕೊಂಡಿತು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಒಂದೇ ಮೂಲ ಇರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದರು. ಭಾಷೆಗಳ ನಂಟನ್ನು ಹೇಳಲು ಬಳಕೆಗೆ ಬಂದ 'ಆರ್ಯ' ಎಂಬ ಮಾತು ಫ್ರಾನ್ಸಿನ ಜನಾಂಗವಾದಿ ಲೇಖಕ ಗೊಬಿನೊ ಮೊದಲಾದವರ ಕೈಯಲ್ಲಿ ರಕ್ತದ, ಬಿಳಿ ಚರ್ಮದ, ಉತ್ತರದ ಶೀತಲ ನಾಡುಗಳ ಮಾತಾಯಿತು.

ಅಮೆರಿಕದ ಅಗ್ಗದ ಕಥಾಪತ್ರಿಕೆಗಳು ಈ ಚಿಂತನೆಯನ್ನು ಹಸಿಹಸಿಯಾಗಿಯೇ ಬಡಿಸಿದವು. ರಾಬರ್ಟ್ ಇ. ಹೋವರ್ಡ್ ಅವರ ಖಡ್ಗವೀರ ನಾಯಕ ಕಾನನ್ 1932ರ ಡಿಸೆಂಬರ್‌ನಲ್ಲಿ 'ವಿಯರ್ಡ್ ಟೇಲ್ಸ್' ಪತ್ರಿಕೆಯಲ್ಲಿ ಕಾಣಿಸಿಕೊಂಡ. ಅವನ ಲೋಕದ ಇತಿಹಾಸವೆಂದರೆ ಜನಾಂಗಗಳು ಏರುವ, ಬೆರೆಯುವ, ಕೆಡುವ ಇತಿಹಾಸ. ಅಲ್ಲಿ ವೆಂಧ್ಯಾ ಎಂಬ ಪೂರ್ವದ ದೇಶವಿದೆ, ನಮ್ಮ ವಿಂಧ್ಯದ ನೆರಳು. 1934ರ ಕಥೆಯೊಂದರಲ್ಲಿ ಅದರ ರಾಣಿ 'ದೇವಿ' ಯಾಸ್ಮಿನಾಳನ್ನು ಕಾನನ್ ಹೊತ್ತೊಯ್ಯುತ್ತಾನೆ. ಹೋವರ್ಡ್ ಗದ್ಯದ ವೇಗ ನನಗೂ ಇಷ್ಟ. ಆದರೆ ಆ ವೇಗ ಯಾರ ಮೈಮೇಲೆ ಹಾದುಹೋಗುತ್ತದೆ ಎಂಬುದನ್ನು ಮರೆತು ಓದಲು ನನ್ನಿಂದ ಆಗುವುದಿಲ್ಲ.

ಟೋಲ್ಕಿನ್ ವಿಷಯ ಇಷ್ಟು ಸರಳವಾಗಿಲ್ಲ. 1938ರಲ್ಲಿ 'ದಿ ಹಾಬಿಟ್' ಅನ್ನು ಜರ್ಮನ್ ಭಾಷೆಗೆ ತರಲು ಹೊರಟ ಪಾಟ್ಸ್‌ಡ್ಯಾಮ್‌ನ ಪ್ರಕಾಶಕರು, ನೀವು ಆರ್ಯ ಮೂಲದವರೇ ಎಂದು ಪತ್ರ ಬರೆದು ಕೇಳಿದರು. ಭಾಷಾಶಾಸ್ತ್ರದ ಪ್ರಾಧ್ಯಾಪಕರಾದ ಟೋಲ್ಕಿನ್ ಕೆರಳಿದರು. ಆರ್ಯ ಎಂದರೆ ಇಂಡೋ-ಇರಾನಿಯನ್, ನನಗೆ ತಿಳಿದಂತೆ ನನ್ನ ಪೂರ್ವಜರಲ್ಲಿ ಹಿಂದುಸ್ತಾನಿ, ಪರ್ಷಿಯನ್ ಆಡಿದವರು ಯಾರೂ ಇಲ್ಲ, ನಾನು ಯಹೂದಿಯೇ ಎಂದು ಕೇಳುತ್ತಿದ್ದರೆ ಆ ಪ್ರತಿಭಾವಂತ ಜನರ ರಕ್ತ ನನ್ನಲ್ಲಿಲ್ಲ ಎಂಬುದೇ ನನ್ನ ವಿಷಾದ ಎಂಬ ಅರ್ಥದ ಕರಡು ಅವರ ಇಂಗ್ಲಿಷ್ ಪ್ರಕಾಶಕರ ಕಡತದಲ್ಲಿ ಉಳಿದಿದೆ. ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನ್‌ನಲ್ಲಿ ಹುಟ್ಟಿದ ಅವರು 1959ರಲ್ಲಿ ಆಕ್ಸ್‌ಫರ್ಡಿನ ಬೀಳ್ಕೊಡುಗೆ ಭಾಷಣದಲ್ಲಿ, ವರ್ಣಭೇದದ ಬಗೆಗಿನ ದ್ವೇಷ ತಮ್ಮ ಮೂಳೆಯಲ್ಲೇ ಇದೆ ಎಂದರು.

ಅದೇ ಲೇಖನಿ 1958ರ ಪತ್ರವೊಂದರಲ್ಲಿ ತಮ್ಮ ಕಥೆಯ ದುಷ್ಟ ಸೈನಿಕ ಜೀವಿಗಳಾದ ಓರ್ಕ್‌ಗಳು ಚಪ್ಪಟೆ ಮೂಗಿನ, ಓರೆಗಣ್ಣಿನ, ಯುರೋಪಿಯನ್ನರ ಕಣ್ಣಿಗೆ ಅತ್ಯಂತ ಕುರೂಪವೆನಿಸುವ ಮಂಗೋಲ್ ಮಾದರಿಯ ವಿಕೃತ ರೂಪ ಎಂದು ಬರೆಯಿತು. ಕೊನೆಯ ಮಹಾಯುದ್ಧದಲ್ಲಿ ದೂರದ ದಕ್ಷಿಣದಿಂದ ಬಂದ ಕಪ್ಪು ಜನರನ್ನು ಬಿಳಿ ಕಣ್ಣು, ಕೆಂಪು ನಾಲಗೆಯ ಅರೆ-ಟ್ರೋಲ್‌ಗಳಂಥವರು, ಅಂದರೆ ಅರೆ-ರಾಕ್ಷಸರಂಥವರು ಎಂದು ಬಣ್ಣಿಸಿತು. ಎರಡೂ ನಿಜ. ಟೋಲ್ಕಿನ್ ಜನಾಂಗದ್ವೇಷಿ ಎಂದು ಒಂದೇ ಮಾತಿನಲ್ಲಿ ಮುಗಿಸುವವರ ಜೊತೆ ನಾನಿಲ್ಲ, ಏನೂ ಇಲ್ಲ ಎಂದು ಕೈತೊಳೆದುಕೊಳ್ಳುವವರ ಜೊತೆಗೂ ಇಲ್ಲ. ಪ್ರಜ್ಞೆಯಿಂದ ತಿರಸ್ಕರಿಸಿದ್ದನ್ನು ಕಲ್ಪನೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡಿತು. ಅವರ ಕಾಡಿನ ಜನರ ಮುಖಂಡ ಘಾನ್-ಬುರಿ-ಘಾನ್ ಬಿಳಿಯ ರಾಜನಿಗೆ ಯುದ್ಧದಲ್ಲಿ ದಾರಿ ತೋರಿಸಲು ಒಪ್ಪಿ, ಪ್ರತಿಯಾಗಿ ಬೇಡುವುದು ಒಂದನ್ನೇ: ಗೆದ್ದರೆ ನಮ್ಮನ್ನು ಕಾಡಿನಲ್ಲಿ ನಮ್ಮಷ್ಟಕ್ಕೆ ಬಿಡು, ಇನ್ನು ಮೃಗಗಳಂತೆ ಬೇಟೆಯಾಡಬೇಡ. ಆ ಬಿಳಿಯ ಸವಾರರು ಅಲ್ಲಿಯವರೆಗೆ ಏನು ಮಾಡುತ್ತಿದ್ದರು ಎಂಬುದು ಈ ಒಂದು ಬೇಡಿಕೆಯಿಂದ ಬಯಲಾಗುತ್ತದೆ. ಅದನ್ನು ಬರೆದಿಟ್ಟದ್ದೂ ಟೋಲ್ಕಿನ್ ಅವರೇ.

ಅವರ ಗೆಳೆಯ ಸಿ.ಎಸ್. ಲೂಯಿಸ್ ಅವರ ನಾರ್ನಿಯಾ ಎಂಬ ಮಕ್ಕಳ ಕಥಾಲೋಕದಲ್ಲಿ ಗೆರೆ ಇನ್ನೂ ದಪ್ಪ. ಮರುಭೂಮಿಯ ದಕ್ಷಿಣಕ್ಕಿರುವ ಕ್ಯಾಲೊರ್ಮೆನ್ ಜನರಿಗೆ ಕಪ್ಪು ಮೈ, ಪೇಟ, ಬಾಗುಗತ್ತಿ, ಕ್ರೂರ ದೇವರು. 1954ರ 'ದಿ ಹಾರ್ಸ್ ಅಂಡ್ ಹಿಸ್ ಬಾಯ್' ಕಥೆಯ ಮೊದಲಲ್ಲೇ ಒಬ್ಬ ಸರದಾರ ಬೆಸ್ತನ ಸಾಕುಮಗನನ್ನು ನೋಡಿ, ನಿನ್ನ ಕೆನ್ನೆ ನನ್ನದರಂತೆ ಕಪ್ಪು, ಈ ಹುಡುಗ ಬೆಳ್ಳಗಿದ್ದಾನೆ, ಇವನು ನಿನ್ನ ಮಗನಲ್ಲ ಎನ್ನುತ್ತಾನೆ. ಹುಡುಗ ರಾಜಕುಮಾರನೆಂದು ಕೊನೆಗೆ ತಿಳಿಯುತ್ತದೆ. ಓದುವ ಮಗುವಿಗೆ ಚರ್ಮವೇ ಜಾತಕವಾಗಿ ಕಾಣಿಸುವ ಹಾಗೆ ಆ ಪುಟ ಬರೆದಿದೆ.

ಈ ಭೂಪಟವನ್ನು ತಲೆಕೆಳಗು ಮಾಡಿದವರು ಅರ್ಸುಲಾ ಲ ಗ್ವಿನ್. ಆಕೆ ಕ್ಯಾಲಿಫೋರ್ನಿಯದವರು, ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಅವರ ಮಗಳು. 1911ರಲ್ಲಿ ತನ್ನವರೆಲ್ಲ ಅಳಿದು ಒಬ್ಬನೇ ಉಳಿದು ಕಾಡಿನಿಂದ ಹೊರಬಂದ ಯಾಹಿ ಬುಡಕಟ್ಟಿನ ಮನುಷ್ಯನ ಜೊತೆ ಕ್ರೋಬರ್ ಒಡನಾಡಿದ್ದರು. ಅವನು ತನ್ನ ನಿಜವಾದ ಹೆಸರನ್ನು ಯಾರಿಗೂ ಹೇಳಲಿಲ್ಲ, ಅವನ ಜನರಲ್ಲಿ ಅದು ಪದ್ಧತಿಯಲ್ಲ. 'ಇಶಿ', ಅಂದರೆ ಬರೀ 'ಮನುಷ್ಯ', ಎಂದು ಕರೆದರು. 1961ರಲ್ಲಿ ಅವನ ಬದುಕಿನ ಬಗ್ಗೆ ಪುಸ್ತಕ ಬರೆದವರು ಲ ಗ್ವಿನ್ ಅವರ ತಾಯಿ ಥಿಯೋಡೋರಾ. ಏಳು ವರ್ಷಗಳ ನಂತರ ಮಗಳು ಬರೆದ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಕಾದಂಬರಿಯಲ್ಲಿ ಮಾಂತ್ರಿಕ ಶಕ್ತಿಯೆಲ್ಲ ಇರುವುದು ನಿಜವಾದ ಹೆಸರಿನಲ್ಲಿ, ಅದನ್ನು ಪ್ರಾಣಸಮಾನರಿಗೆ ಬಿಟ್ಟು ಯಾರಿಗೂ ಹೇಳುವಂತಿಲ್ಲ. ಈ ಎರಡು ಸಂಗತಿಗಳ ನಡುವೆ ದಾರ ಕಟ್ಟುತ್ತಿರುವುದು ನಾನು. ಆದರೆ ಒಂದನ್ನು ಓದುವಾಗ ಇನ್ನೊಂದು ನೆನಪಾಗದೆ ಇರುವುದಿಲ್ಲ.

ಅರ್ಥ್‌ಸೀಯ ನಾಯಕ ಗೆಡ್ ಕೆಂಪು ಮಿಶ್ರಿತ ಕಂದು ಬಣ್ಣದವನು. ಅವನ ಗೆಳೆಯ ವೆಚ್ ಕಪ್ಪು. ಮೊದಲ ಅಧ್ಯಾಯದಲ್ಲೇ ಹಡಗೇರಿ ಬಂದು ಹಳ್ಳಿಗೆ ಬೆಂಕಿಯಿಡುವ ಕಾರ್ಗ್ ಜನ ಬಿಳಿ ಮೈ, ಹಳದಿ ಕೂದಲಿನವರು. ಗೆಡ್‌ನ ಬಣ್ಣವನ್ನು ಲ ಗ್ವಿನ್ ಆರಂಭದಲ್ಲಿ ಸಾರಿ ಹೇಳುವುದಿಲ್ಲ. ಬಿಳಿಯ ಓದುಗ ಅವನೊಳಗೆ ಹೊಕ್ಕು, ಅವನ ಜೊತೆ ಹೆದರಿ, ಹೆಮ್ಮೆಪಟ್ಟ ಮೇಲೆ ಇದು ತನ್ನ ಬಣ್ಣವಲ್ಲ ಎಂದು ತಿಳಿಯಲಿ ಎಂಬುದು ಅವರ ಉದ್ದೇಶವಾಗಿತ್ತು. ಗೆಡ್ ತಾನೇ ಬಿಡುಗಡೆ ಮಾಡಿದ ನೆರಳಿನಿಂದ ಮುಖ ಗಾಯಗೊಂಡು, ಮಾತು ಕಳೆದುಕೊಂಡು, ಎಲ್ಲರಿಂದ ದೂರವಾಗಿರುವಾಗ ವೆಚ್ ಬಂದು ತನ್ನ ನಿಜವಾದ ಹೆಸರನ್ನು ಅವನಿಗೆ ಹೇಳುತ್ತಾನೆ: ಎಸ್ಟಾರಿಯೋಲ್. ಪ್ರಾಣವನ್ನೇ ಅಂಗೈಯಲ್ಲಿಟ್ಟು ಕೊಟ್ಟ ಹಾಗೆ. ಇಥಿಲಿಯನ್ನಿನಲ್ಲಿ ಸ್ಯಾಮ್ ಕೇಳಿ ಬಿಟ್ಟ ಪ್ರಶ್ನೆಗೆ ಇನ್ಯಾವುದೋ ದ್ವೀಪದಿಂದ ಉತ್ತರ ಬಂದಂತೆ ನನಗೆ ಕೇಳಿಸಿದ್ದು ಇಲ್ಲಿ.

ಪ್ರಕಾಶಕರ ಕಣ್ಣಿಗೆ ಮಾತ್ರ ಈ ಬಣ್ಣ ಬಹಳ ಕಾಲ ಕಾಣಲಿಲ್ಲ. ಎಷ್ಟೋ ಮುದ್ರಣಗಳ ಮುಖಪುಟದಲ್ಲಿ ಗೆಡ್ ಬಿಳಿಯನಾಗಿಯೇ ನಿಂತ. 2004ರಲ್ಲಿ ಅಮೆರಿಕದ ಸೈ-ಫೈ ಚಾನೆಲ್ ಅದನ್ನು ಧಾರಾವಾಹಿ ಮಾಡಿದಾಗ ಗೆಡ್ ಪಾತ್ರ ಬಿಳಿಯ ನಟನಿಗೆ ಹೋಯಿತು, ಗುರು ಓಜಿಯನ್ ಪಾತ್ರಕ್ಕೆ ಮಾತ್ರ ಡ್ಯಾನಿ ಗ್ಲೋವರ್ ಬಂದರು. ಆಗ 75 ವಯಸ್ಸಿನ ಲ ಗ್ವಿನ್ ಸುಮ್ಮನಿರಲಿಲ್ಲ, ತಮ್ಮ ದ್ವೀಪಗಳಿಗೆ ಸುಣ್ಣ ಬಳಿದರು ಎಂದು ಆ ಡಿಸೆಂಬರ್‌ನಲ್ಲೇ ಬಹಿರಂಗವಾಗಿ ಬರೆದರು.

ಮೇಜಿನ ಸುತ್ತ ಕುಳಿತು ದಾಳಗಳೊಂದಿಗೆ ಆಡುವ ಆಟಗಳಿಗೂ ಇದೇ ವ್ಯಾಕರಣ ಹರಿಯಿತು. 1974ರಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನಲ್ಲಿ ಆಟಗಾರ ಮೊದಲು ತನ್ನ 'ಜನಾಂಗ'ವನ್ನು ಆರಿಸಿಕೊಳ್ಳಬೇಕಿತ್ತು, ಕೆಲವು ವರ್ಷಗಳ ನಂತರ ಆಟಕ್ಕೆ ಸೇರಿದ ಕಪ್ಪು ಚರ್ಮದ ಡ್ರೌ ಎಲ್ಫ್‌ಗಳು ಹುಟ್ಟಿನಿಂದಲೇ ದುಷ್ಟರೆಂದು ನಿಯಮವೇ ಹೇಳುತ್ತಿತ್ತು. 2024ರ ನಿಯಮಪುಸ್ತಕದಲ್ಲಿ ಜನಾಂಗ ಎಂಬ ಪದ ಹೋಗಿ 'ಪ್ರಭೇದ' ಎಂಬರ್ಥದ ಪದ ಬಂತು. ಅರ್ಧ ಶತಮಾನ ಹಿಡಿಯಿತು.

ಕಾದಂಬರಿಗಳಲ್ಲಿ ಬದಲಾವಣೆ ಇದಕ್ಕಿಂತ ಆಳವಾಗಿ ಆಗಿದೆ. ಎನ್.ಕೆ. ಜೆಮಿಸಿನ್ 2016, 2017, 2018 ಮೂರೂ ವರ್ಷ ವಿಜ್ಞಾನಕಥೆ, ಫ್ಯಾಂಟಸಿಗೆ ಕೊಡುವ ಹ್ಯೂಗೋದ ಅತ್ಯುತ್ತಮ ಕಾದಂಬರಿ ಪ್ರಶಸ್ತಿ ಪಡೆದರು, ಆ ವಿಭಾಗದಲ್ಲಿ ಅದನ್ನು ಗೆದ್ದ ಮೊದಲ ಕಪ್ಪು ಲೇಖಕಿ ಅವರು. ಆದರೆ ಅವರಿಗಿಂತ ಮೂವತ್ತು ನಲವತ್ತು ವರ್ಷ ಮೊದಲೇ ಈ ದಾರಿಯ ಮುಳ್ಳು ಬಿಡಿಸಿದವರೊಬ್ಬರಿದ್ದರು, ಅವರ ಹೆಸರು ಹೇಳದೆ ಈ ಬರಹವನ್ನು ನಿಲ್ಲಿಸಲಾರೆ.

ಚಾರ್ಲ್ಸ್ ಸಾಂಡರ್ಸ್ 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಹುಟ್ಟಿದ ಕಪ್ಪು ಲೇಖಕ. ವಿಯೆಟ್ನಾಂ ಯುದ್ಧಕ್ಕೆ ಹೋಗಲೊಪ್ಪದೆ 1969ರಲ್ಲಿ ಕೆನಡಾಕ್ಕೆ ಹೋದರು. ಕಾನನ್ ಕಥೆಗಳನ್ನು ಪ್ರೀತಿಯಿಂದ ಓದಿದವರು, ಆ ಪುಟಗಳಲ್ಲಿ ತನ್ನಂಥವರು ಹೇಗೆ ಸಾಯುತ್ತಾರೆ ಎಂಬುದನ್ನೂ ಕಂಡವರು. 1970ರ ದಶಕದಲ್ಲಿ 'ಡೈ, ಬ್ಲ್ಯಾಕ್ ಡಾಗ್!' ಎಂಬ ಪ್ರಬಂಧದಲ್ಲಿ ಫ್ಯಾಂಟಸಿಯ ಜನಾಂಗದ್ವೇಷವನ್ನು ನೇರವಾಗಿ ಎತ್ತಿ ತೋರಿಸಿದರು. ದೂರಿ ಕೂರಲಿಲ್ಲ. ನ್ಯುಂಬಾನಿ ಎಂಬ ಆಫ್ರಿಕದಂಥ ಲೋಕವನ್ನೇ ಕಟ್ಟಿದರು, ಸ್ವಾಹಿಲಿಯಲ್ಲಿ ಆ ಮಾತಿಗೆ ಮನೆ ಎಂದರ್ಥ. ಅದರ ನಾಯಕ ಇಮಾರೋ, ತಾಯಿ ಬಿಟ್ಟುಹೋದ, ಅವಳ ಬುಡಕಟ್ಟಿನವರೇ ಹೊರಗಿನವನೆಂದು ಹಂಗಿಸುವ ಹುಡುಗ. 1981ರಲ್ಲಿ ಮೊದಲ ಕಾದಂಬರಿ ಅಚ್ಚಾದಾಗ ಪ್ರಕಾಶಕರು ಮುಖಪುಟದಲ್ಲಿ 'ಕಪ್ಪು ಟಾರ್ಜನ್' ಎಂಬರ್ಥದ ಸಾಲು ಹಾಕಿದರು. ಟಾರ್ಜನ್ ಹಕ್ಕುದಾರರು ಆಕ್ಷೇಪಿಸಿದರು, ಪುಸ್ತಕ ಅಂಗಡಿಗೆ ಬರುವುದು ತಡವಾಯಿತು. ತನ್ನದೇ ಹೆಸರುಳ್ಳ ನಾಯಕನಿಗೆ ಬಿಳಿಯ ನಾಯಕನೊಬ್ಬನ ಹೆಸರು ಅಂಟಿಸಿದ್ದಕ್ಕೆ ಬೆಲೆ ತೆತ್ತವರು ಸಾಂಡರ್ಸ್.

ಸರಣಿ ನಡುವೆಯೇ ನಿಂತಿತು. ಅವರು ನೋವಾ ಸ್ಕೋಶಿಯಾದಲ್ಲಿ ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತ, ಅಲ್ಲಿನ ಕಪ್ಪು ಜನರ ಇತಿಹಾಸ ಬರೆಯುತ್ತ ಒಂಟಿಯಾಗಿ ಬದುಕಿದರು. 2020ರ ಮೇ ತಿಂಗಳಿನಲ್ಲಿ ತೀರಿಕೊಂಡಾಗ ಹತ್ತಿರ ಯಾರೂ ಇರಲಿಲ್ಲ. ಹೂತ ಜಾಗಕ್ಕೆ ಗುರುತಿನ ಕಲ್ಲೂ ಇರಲಿಲ್ಲ. ಸುದ್ದಿ ತಡವಾಗಿ ತಿಳಿದ ಗೆಳೆಯರು, ಓದುಗರು ಹಣ ಕೂಡಿಸಿದರು, ಆ ಹಣದಿಂದ ಅವರ ಸಮಾಧಿಯ ಮೇಲೆ ಹೆಸರು ಕೆತ್ತಿದ ಕಲ್ಲು ಬಂತು.